ನಾಗಾವಿಯ ಘಟಿಕಾಸ್ಥಾನದ ಅಧ್ಯಾಪಕರ ಜೀವಿತ

ಕಲಬುರ್ಗಿ ಜಿಲ್ಲೆಯ ಚಿತ್ತಾಪುರ ಪಟ್ಟಣದ ಮಗ್ಗುಲಲ್ಲಿರುವ ನಾಗಾವಿಯು ಇಂದು ಎಲ್ಲಮ್ಮದೇವಿಯ ಜಾತ್ರೆಯಿಂದಲೇ ಸುತ್ತಣ ಸೀಮೆಗೆಲ್ಲ ಪರಿಚಿತವಾಗಿದೆ. ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ಬರುವ ಭಕ್ತಜನರು ಪಾಳುಬಿದ್ದ ಗುಡಿಗಳನ್ನು ಹಾದುಹೋಗುತ್ತಾರೆ. ಅರವತ್ತು ಕಂಬದ ಗುಡಿಯೆಂದು ಕರೆಯಲ್ಪಡುವ ವಿಶಾಲವಾದ ಮಂಟಪವನ್ನು ಕಂಡು ಬೆರಗಾಗುತ್ತಾರೆ. ಆದರೆ ಈ ಊರಿನಲ್ಲಿ ಒಂದು ಕಾಲಕ್ಕೆ ಮೀಮಾಂಸೆಯ ಅಧಿಕರಣಗಳು ಚರ್ಚಿತವಾಗುತ್ತಿದ್ದುವೆಂಬುದನ್ನೂ, ಚರ್ಚಿಸುತ್ತಿದ್ದ ಉಪಾಧ್ಯಾಯರ ಗ್ರಾಸಕ್ಕೆ ಇಷ್ಟಿಷ್ಟು ನೆಲವೆಂದು ಕಲ್ಲಿನಲ್ಲಿ ಕೊರೆದಿಟ್ಟಿದ್ದರೆಂಬುದನ್ನೂ ಬಲ್ಲವರು ವಿರಳ. ಕನ್ನಡನಾಡಿನ ಪ್ರಾಚೀನ ವಿದ್ಯಾಸ್ಥಾನಗಳನ್ನು ಕುರಿತು ಬರೆದ ವಿದ್ವಾಂಸರು ಅಲ್ಲಿ ಏನನ್ನು ಕಲಿಸುತ್ತಿದ್ದರೆಂಬುದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಕಲಿಸುತ್ತಿದ್ದವನು ಏನನ್ನು ಉಂಡು ಕಲಿಸುತ್ತಿದ್ದನೆಂಬುದನ್ನು ಮಾತ್ರ ಒಂದೆರಡು ಪಂಕ್ತಿಗಳಲ್ಲಿ ಮುಗಿಸಿರುವುದೇ ಹೆಚ್ಚು. ವಿದ್ಯೆಯ ಚರಿತ್ರೆಯಲ್ಲಿ ಈ ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತ ಕಡಮೆಯದಲ್ಲ. ಪ್ರಕೃತ ಲೇಖನದಲ್ಲಿ ಅದನ್ನೇ ಪರಾಮರ್ಶಿಸಲಾಗಿದೆ.

ನಾಗಾವಿಯ ಶಾಸನಗಳನ್ನು ಹಿಂದಣ ಹೈದರಾಬಾದು ಸಂಸ್ಥಾನದ ಪ್ರಾಕ್ತನ ಇಲಾಖೆಯವರು ೧೯೨೮ರಲ್ಲಿ ತಮ್ಮ ಗ್ರಂಥಮಾಲೆಯ ೮ನೆಯ ಸಂಪುಟವಾಗಿ ಪ್ರಕಟಿಸಿದರು. ಅವುಗಳಲ್ಲಿ ವಿದ್ಯಾಚರಿತ್ರೆಗೆ ಮುಖ್ಯವಾದುದು ಶಕವರ್ಷ ೯೮೦ರ, ಎಂದರೆ ಕ್ರಿ. ಶ. ೧೦೫೮ರ ಶಾಸನ. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರ. ಅವನ ದಂಡನಾಯಕನಾದ ಮಧುಸೂದನನು ನಾಗಾವಿಯಲ್ಲಿ ತ್ರೈಪುರುಷ ದೇವಾಲಯವನ್ನೂ ತನ್ನ ಹೆಸರಿನ ಮಧುಸೂದನ ದೇವಾಲಯವನ್ನೂ ಎತ್ತಿಸಿ, ಅವುಗಳೊಡನೆ ಒಂದು ಘಟಿಕಾಶಾಲೆಯನ್ನು ಸ್ಥಾಪಿಸಿ, ದೇವರ ಅಂಗಭೋಗಕ್ಕೆ ಹೇಗೋ ಹಾಗೆಯೇ ವಿದ್ಯೆಯ ಯೋಗಕ್ಷೇಮಕ್ಕೂ ದತ್ತಿಗಳನ್ನು ಬಿಟ್ಟನು. ಕತ್ತಿ ಹಿಡಿದ ಕೈಯೇ ಈ ಏರ್ಪಾಡನ್ನು ಮಾಡಿತೆಂಬುದು ಗಮನಾರ್ಹ. ಆದರೆ ಆ ಕಾಲದಲ್ಲಿ ಇದು ಅಪೂರ್ವವೇನೂ ಅಲ್ಲ, ದಂಡನಾಯಕರೂ ಸಂಧಿವಿಗ್ರಹಿಗಳೂ ವಿದ್ಯಾದಾನದಲ್ಲಿ ಅರಸರನ್ನು ಮೀರಿಸಿರುವ ನಿದರ್ಶನಗಳು ಅನೇಕವಾಗಿವೆ.

ಶಾಸನೋಕ್ತವಾದ ವ್ಯವಸ್ಥೆಯು ಈ ಪರಿಯದು. ವೇದವನ್ನು ಕಲಿಯುವ ವಿದ್ಯಾರ್ಥಿಗಳು ೨೦೦ ಮಂದಿ. ಶಾಸ್ತ್ರವನ್ನು ಕಲಿಯುವವರು ೫೨ ಮಂದಿ. ವೇದವನ್ನು ಓದಿಸುವ ಉಪಾಧ್ಯಾಯರು ಮೂವರು, ಶಾಸ್ತ್ರವನ್ನು ವ್ಯಾಖ್ಯಾನಿಸುವವರು ಮೂವರು. ಇವರಲ್ಲದೆ ಪುಸ್ತಕಗಳನ್ನು ಕಾಯ್ದು ನಡೆಸುವ ಸರಸ್ವತೀಭಾಂಡಾರಿಗರು ಆರು ಮಂದಿ. ವೇದಕ್ಕೆ ಒಬ್ಬೊಬ್ಬ ಉಪಾಧ್ಯಾಯನ ಪಾಲಿಗೆ ಹತ್ತಿರ ಹತ್ತಿರ ೬೭ ವಿದ್ಯಾರ್ಥಿಗಳು ಬಂದರೆ ಶಾಸ್ತ್ರಕ್ಕೆ ೧೭ರಷ್ಟು ಮಾತ್ರ ಬರುತ್ತಾರೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ವೇದಾಧ್ಯಯನವು ಸಂಥೆಯಿಂದ ನಡೆಯತಕ್ಕುದು. ಗುರುವು ಒಮ್ಮೆ ಹೇಳಿದುದನ್ನು ಗುಂಪು ಎರಡು ಸಲ ಹೇಳುತ್ತದೆ, ಹಿರಿಯ ವಿದ್ಯಾರ್ಥಿಯು ಕಿರಿಯನನ್ನು ತಿದ್ದುತ್ತಾನೆ. ಶಾಸ್ತ್ರಪಾಠವಾದರೋ ಪೂರ್ವಪಕ್ಷ ಸಿದ್ಧಾಂತಗಳ ಮಲ್ಲಯುದ್ಧ. ಅಲ್ಲಿ ಪ್ರತಿಯೊಬ್ಬ ಶಿಷ್ಯನ ಸಂದೇಹಕ್ಕೂ ಉತ್ತರವನ್ನು ಕೊಡಬೇಕು.

ಶಾಸ್ತ್ರದ ಮೂವರು ಉಪಾಧ್ಯಾಯರ ವಿಷಯಗಳೂ ಅವರವರ ನೆಲವೂ ಶಾಸನದಲ್ಲಿ ಬೇರೆಬೇರೆಯಾಗಿ ಹೇಳಲ್ಪಟ್ಟಿವೆ. ಭಟ್ಟದರ್ಶನವನ್ನು ವ್ಯಾಖ್ಯಾನಿಸುವವನಿಗೆ ೩೫ ಮತ್ತರು, ನ್ಯಾಸವನ್ನು ವ್ಯಾಖ್ಯಾನಿಸುವವನಿಗೆ ೩೦ ಮತ್ತರು, ಪ್ರಾಭಾಕರವನ್ನು ವ್ಯಾಖ್ಯಾನಿಸುವವನಿಗೆ ೪೫ ಮತ್ತರು. ಸರಸ್ವತೀಭಾಂಡಾರಿಗರ ಲೆಕ್ಕದಲ್ಲಿ ೩೦ ಮತ್ತರಿನ ಉಲ್ಲೇಖವಿದೆ. ಭಟ್ಟದರ್ಶನವೆಂಬುದು ಕುಮಾರಿಲಭಟ್ಟನ ಮೀಮಾಂಸಾಪ್ರಸ್ಥಾನ. ಪ್ರಾಭಾಕರವು ಅವನ ಪ್ರತಿಸ್ಪರ್ಧಿಯಾದ ಪ್ರಭಾಕರನದು. ನ್ಯಾಸವೆಂದರೆ ಪಾಣಿನೀಯ ಸೂತ್ರಗಳ ಕಾಶಿಕಾವೃತ್ತಿಗೆ ಜಿನೇಂದ್ರಬುದ್ಧಿಯು ರಚಿಸಿದ ವ್ಯಾಖ್ಯಾನವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಒಂದೇ ಛಾವಣಿಯ ಕೆಳಗೆ ಪರಸ್ಪರ ಖಂಡನಕ್ಕೆ ಸೊಂಟಕಟ್ಟಿ ನಿಂತ ಎರಡು ಮತಗಳಿಗೂ ಪ್ರತ್ಯೇಕ ವೃತ್ತಿಗಳನ್ನು ಕಲ್ಪಿಸಿದುದು ಮಧುಸೂದನನ ಉದಾರ ಬುದ್ಧಿಗೆ ಸಾಕ್ಷಿ. ವೈದಿಕ ವಿದ್ಯಾಸ್ಥಾನದಲ್ಲಿ ಬೌದ್ಧಪಂಡಿತನ ಗ್ರಂಥವನ್ನು ಪಾಠಹೇಳುವವನಿಗೂ ನೆಲವುಂಟೆಂಬುದು ಇನ್ನೂ ಸ್ವಾರಸ್ಯಕರ. ಶಬ್ದಶಾಸ್ತ್ರವು ಮತವನ್ನು ಕೇಳುವುದಿಲ್ಲ.

ಪ್ರಾಭಾಕರ ಪಂಡಿತನಿಗೆ ಮಿಕ್ಕವರಿಗಿಂತ ಹೆಚ್ಚಿನ ನೆಲವೇಕೆಂಬುದಕ್ಕೆ ಆ ಶಾಸ್ತ್ರದ ಕಾಠಿನ್ಯವನ್ನೂ, ಅದನ್ನು ಬಲ್ಲವರ ವಿರಳತೆಯನ್ನೂ ಕಾರಣವಾಗಿ ಹೇಳುವುದುಂಟು. ಹಾಗಿದ್ದರೂ ಇರಬಹುದು. ಆದರೆ ಬರಿಯ ಸಂಖ್ಯೆಯನ್ನು ನೋಡಿ ಜೀವಿತದ ಹೆಚ್ಚು ಕಡಮೆಯನ್ನು ನಿರ್ಣಯಿಸುವುದು ಅವಸರದ ಮಾತಾದೀತು. ಮತ್ತರೆಂಬ ಅಳತೆಯು ಸೀಮೆಯಿಂದ ಸೀಮೆಗೆ, ಅಳೆಯುವ ಗಳೆಯಿಂದ ಗಳೆಗೆ ಬೇರೆಯಾಗುತ್ತಿತ್ತು. ಅದಕ್ಕೂ ಮಿಗಿಲಾಗಿ ನೆಲದ ಗುಣವು ಬೇರೆಯಾಗುತ್ತಿತ್ತು. ಚಿತ್ತಾಪುರದಿಂದ ಶಹಾಬಾದಿನವರೆಗೆ ನಡೆದವರಿಗೆ ಇದು ಕಣ್ಣಿಗೆ ಕಾಣುವ ಸಂಗತಿ. ಒಂದೆಡೆ ಆಳವಾದ ಎರೆಭೂಮಿ, ಮತ್ತೊಂದೆಡೆ ಗೇಣುದ್ದದ ಮಣ್ಣಿನ ಅಡಿಯಲ್ಲಿಯೇ ಹಾಸುಗಲ್ಲು. ಶಹಾಬಾದಿನ ಫರಸಿಕಲ್ಲು ಮನೆಮನೆಯ ನೆಲಕ್ಕೆ ಬಂದಿರುವುದೂ, ವಾಡಿಯಲ್ಲಿ ಸಿಮೆಂಟಿನ ಕಾರ್ಖಾನೆಯು ತಲೆಯೆತ್ತಿರುವುದೂ ಈ ಸುಣ್ಣಕಲ್ಲಿನ ಸಮೃದ್ಧಿಯಿಂದಲೇ. ಕಲ್ಲಿನ ಸಮೃದ್ಧಿಯು ಬೇಸಾಯಗಾರನ ಸಮೃದ್ಧಿಯಲ್ಲ. ಎರೆಯ ೩೦ ಮತ್ತರು ಕಲ್ಲುನೆಲದ ೪೫ ಮತ್ತರಿಗಿಂತ ಹೆಚ್ಚು ಜೋಳವನ್ನು ಕೊಡಬಲ್ಲುದು. ಆದುದರಿಂದ ದಾನಿಯು ಹೆಚ್ಚು ಮತ್ತರುಗಳನ್ನು ಕೊಟ್ಟು ಸಮಾನವಾದ ಫಲವನ್ನು ಕಲ್ಪಿಸಿರುವ ಸಂಭವವನ್ನೂ ಮನಸ್ಸಿನಲ್ಲಿಡಬೇಕು.

ಇದಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ನೆಲವನ್ನು ಕೊಟ್ಟುದು ವ್ಯಕ್ತಿಯ ಹೆಸರಿಗಲ್ಲ, ಕೆಲಸದ ಹೆಸರಿಗೆ. ನ್ಯಾಸವನ್ನು ವ್ಯಾಖ್ಯಾನಿಸುವವನಾರೋ ಅವನಿಗೆ ೩೦ ಮತ್ತರು. ಇಂಥವನ ಮಗನಾದ ಇಂಥವನಿಗೆ ಎಂದಲ್ಲ. ಒಬ್ಬನು ತೀರಿಕೊಂಡರೆ ಆ ಕೆಲಸಕ್ಕೆ ಬಂದವನು ಆ ನೆಲದ ಫಲವನ್ನು ಉಣ್ಣತಕ್ಕವನು. ಪುಸ್ತಕಗಳನ್ನು ಕಾಯುವವರನ್ನೂ ಇದೇ ಪಟ್ಟಿಯಲ್ಲಿ, ಇದೇ ಬಗೆಯ ಜೀವಿತದಿಂದ, ಉಪಾಧ್ಯಾಯರ ಮಗ್ಗುಲಲ್ಲಿ ನಿಲ್ಲಿಸಿರುವುದು ಈ ಶಾಸನದ ಅಸಾಧಾರಣ ಗುಣ. ತಾಳೆಯ ಗರಿಯನ್ನು ಹುಳು ತಿನ್ನುತ್ತದೆ, ಮಳೆಗಾಲದ ತಂಪಿಗೆ ಬೂಸರು ಹಿಡಿಯುತ್ತದೆ. ನೂರು ವರುಷಕ್ಕೊಮ್ಮೆಯಾದರೂ ಹಳೆಯ ಕಟ್ಟುಗಳನ್ನು ಹೊಸ ಗರಿಗೆ ಪ್ರತಿಮಾಡದಿದ್ದರೆ ಗ್ರಂಥವೇ ಇಲ್ಲದಂತಾಗುತ್ತದೆ. ಹನ್ನೆರಡು ಮಂದಿ ವಿದ್ಯಾಸೇವಕರಲ್ಲಿ ಆರು ಮಂದಿ ಭಾಂಡಾರಿಗರು, ಎಂದರೆ ಸರಿಯಾಗಿ ಅರ್ಧ. ಓದಿಸುವವನೊಬ್ಬನೇ ವಿದ್ಯಾಸ್ಥಾನವಲ್ಲವೆಂಬುದನ್ನು ಈ ದಂಡನಾಯಕನು ಬಲ್ಲವನಾಗಿದ್ದನು.

ಇಷ್ಟರ ಮೇಲೆ ಧರ್ಮಶಾಸ್ತ್ರವನ್ನು ಓದಿದವರಿಗೆ ಒಂದು ಸಂದೇಹವು ಏಳದಿರದು. ಸಂಬಳವನ್ನು ಪಡೆದು ವೇದವನ್ನು ಕಲಿಸುವವನನ್ನು ಸ್ಮೃತಿಕಾರರು ಭೃತಕಾಧ್ಯಾಪಕನೆಂದು ಕರೆದು, ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿದ್ದಾರೆ. ಯಾಜ್ಞವಲ್ಕ್ಯನೂ ಮನುವೂ ಭೃತಕಾಧ್ಯಾಪನವನ್ನು ಉಪಪಾತಕಗಳಲ್ಲಿ ಎಣಿಸಿದ್ದಾರೆ. ಅಂಥವನಿಂದ ಕಲಿಯುವುದನ್ನೂ ಬಿಟ್ಟಿಲ್ಲ. ಹಾಗಾದರೆ ೩೫ ಮತ್ತರಿನ ಮೇಲೆ ಕುಳಿತು ಭಟ್ಟದರ್ಶನವನ್ನು ಹೇಳುತ್ತಿದ್ದ ಪಂಡಿತನು ಪಾತಕಿಯೆ? ಕಲ್ಲಿನ ಮೇಲೆ ಕೊರೆಸಿ, ಚಂದ್ರಾರ್ಕವುಳ್ಳನ್ನೆಗಂ ನಡೆಯಲೆಂದು ಮಾಡಿದ ಏರ್ಪಾಡು ಪಾತಕದ ಏರ್ಪಾಡೆ?

ಈ ಸಂದೇಹಕ್ಕೆ ಪರಿಹಾರವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ನಾಗಾವಿಯಿಂದ ಒಂದು ದಿನದ ಕಾಲ್ನಡೆಯ ಹಾದಿಯಲ್ಲಿ, ಶಹಾಬಾದಿನ ಸಮೀಪದಲ್ಲಿ ಮರತೂರು ಇದೆ. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ಊರಿನವನೆಂದು ಪ್ರತೀತಿಯುಂಟು. ಸಂಶೋಧಕರೂ ಅದನ್ನು ಸಮರ್ಥಿಸಿದ್ದಾರೆ. ಭಾರದ್ವಾಜಗೋತ್ರದ ಪದ್ಮನಾಭಭಟ್ಟನ ಮಗನಾದ ಈತನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ನಾಗಾವಿಯ ಶಾಸನ ಹುಟ್ಟಿ ಸುಮಾರು ಅರ್ಧ ಶತಮಾನದಲ್ಲಿಯೇ, ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಅದು ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳವರೆಗೂ ನಡೆದುಬಂದುದನ್ನು ಎಲ್ಲರೂ ಬಲ್ಲರು. ಕೂಲಿ, ಸೇವೆ, ವೃತ್ತಿಗಳನ್ನು ಕುರಿತು ಅದರಲ್ಲಿರುವ ಪ್ರಕರಣಗಳು ಅಷ್ಟಾಗಿ ವಿಚಾರಿತವಾಗಿಲ್ಲ.

ವ್ಯವಹಾರಾಧ್ಯಾಯದಲ್ಲಿ ಸೇವಕರ ವಿಷಯವು ಎರಡು ಕಡೆ ಬರುತ್ತದೆ. ಅಭ್ಯುಪೇತ್ಯಾಶುಶ್ರೂಷಾ ಪ್ರಕರಣದಲ್ಲಿ, ನಾರದನ ವಚನವನ್ನು ಅನುಸರಿಸಿ, ಶುಶ್ರೂಷಕರನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ: ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್ ಮತ್ತು ದಾಸ. ವೇದವನ್ನು ಕಲಿಯುವವನು ಶಿಷ್ಯ. ಶಿಲ್ಪವನ್ನು ಕಲಿಯುವವನು ಅಂತೇವಾಸಿ. ಕೂಲಿಗೆ ದುಡಿಯುವವನು ಭೃತಕ. ದುಡಿಯುವವರ ಮೇಲ್ವಿಚಾರಕನು ಅಧಿಕರ್ಮಕೃತ್. ಈ ಐವರಲ್ಲಿ ಕಲಿಯುವವನಿದ್ದಾನೆ, ಕಲಿಸುವವನಿಲ್ಲ. ಎರಡನೆಯದಾದ ವೇತನಾದಾನ ಪ್ರಕರಣದಲ್ಲಿ ಕೂಲಿಯ ನ್ಯಾಯವಿದೆ. ಅಲ್ಲಿಯೂ ಉಪಾಧ್ಯಾಯನ ಸುಳಿವಿಲ್ಲ. ಅವನು ಕಾಣಿಸಿಕೊಳ್ಳುವುದು ಮೂರನೆಯ ಸ್ಥಳದಲ್ಲಿ, ಸಂವಿದ್ವ್ಯತಿಕ್ರಮ ಪ್ರಕರಣದಲ್ಲಿ. ಅರಸನು ತನ್ನ ಪುರದಲ್ಲಿ ತಕ್ಕ ಸ್ಥಾನವನ್ನು ಕಟ್ಟಿಸಿ, ಮೂರು ವೇದಗಳನ್ನು ಬಲ್ಲವರನ್ನು ಅಲ್ಲಿ ನೆಲೆಗೊಳಿಸಿ, ಅವರನ್ನು ವೃತ್ತಿವಂತರನ್ನಾಗಿ ಮಾಡಿ, ನಿಮ್ಮ ಧರ್ಮವನ್ನು ನೀವು ನಡೆಸಿರೆಂದು ಹೇಳಬೇಕೆಂಬುದು ಅಲ್ಲಿಯ ವಿಧಿ. ವೃತ್ತಿಯೆಂದರೆ ನೆಲ, ಹೊನ್ನು ಮೊದಲಾದುವುಗಳ ಸಂಪತ್ತಿಯೆಂದು ವಿಜ್ಞಾನೇಶ್ವರನ ಆಶಯ.

ಈ ವಿಧಿಯನ್ನು ನಾಗಾವಿಯ ಶಾಸನದ ಎದುರಿಗಿಟ್ಟರೆ ಒಂದಕ್ಕೊಂದು ಹೊಂದುತ್ತವೆ. ಸ್ಥಾನವೆಂಬ ಮಾತು ಘಟಿಕಾಸ್ಥಾನದಲ್ಲಿದೆ. ವೃತ್ತಿಯೆಂಬುದು ಮತ್ತರುಗಳಾಗಿ ಬಂದಿದೆ. ಭೃತಕಾಧ್ಯಾಪನದ ದೋಷವು ಪಣದಲ್ಲಿದೆ: ಇಷ್ಟು ಕೊಟ್ಟರೆ ಇಷ್ಟು ಕಲಿಸುವೆನೆಂದು ಶಿಷ್ಯನೊಡನೆ ಮುಂದಾಗಿ ಮಾಡುವ ಚೌಕಾಶಿಯಲ್ಲಿದೆ. ನಾಗಾವಿಯಲ್ಲಿ ಶಿಷ್ಯನು ಕೊಡುವವನಲ್ಲ, ಅವನೂ ಆ ಧರ್ಮದಲ್ಲಿಯೇ ಉಣ್ಣುವವನು. ಕೊಟ್ಟವನು ದಾನಿ, ಅವನು ಕೊಟ್ಟುದು ಪಾಠದ ಬೆಲೆಯನ್ನಲ್ಲ, ಪಾಠಹೇಳುವವನ ಬದುಕನ್ನು. ಕಲಿಸುವವನಿಗೂ ಕಲಿಯುವವನಿಗೂ ನಡುವೆ ಹಣವು ಹಾಯದಂತೆ, ಆದರೆ ಕಲಿಸುವವನು ಹಸಿಯದಂತೆ ಮಾಡಿದ ಉಪಾಯವೇ ವೃತ್ತಿ. ಇದು ಶಬ್ದದ ಜಾಣತನವೆಂದು ತಳ್ಳಿಹಾಕುವಂತಿಲ್ಲ. ಭೃತಕನ ಕೂಲಿಯು ದಿನದ್ದು, ತಿಂಗಳದ್ದು. ಒಡೆಯನ ಮನಸ್ಸು ತಿರುಗಿದರೆ ನಿಲ್ಲತಕ್ಕುದು. ವೃತ್ತಿಯು ದಾನಿಯು ಸತ್ತ ಮೇಲೆಯೂ ನಿಲ್ಲಬೇಕು. ಅದನ್ನು ಅಪಹರಿಸುವವರಿಗೆ ಇಂಥ ಶಾಸನಗಳು ಕಡೆಯಲ್ಲಿ ಶಾಪವನ್ನು ಹಾಕುತ್ತವೆ. ಧರ್ಮಶಾಸ್ತ್ರವು ಶಾಪಕ್ಕೆ ಬಿಡದೆ, ಗಣದ ದ್ರವ್ಯವನ್ನು ಅಪಹರಿಸಿದವನ ಮತ್ತು ಸಮಯವನ್ನು ಮುರಿದವನ ಸರ್ವಸ್ವವನ್ನು ಕಿತ್ತುಕೊಂಡು ಅವನನ್ನು ನಾಡಿನಿಂದ ಹೊರಗಟ್ಟಬೇಕೆನ್ನುತ್ತದೆ.

ಭೃತಕನನ್ನು ಶಾಸ್ತ್ರವು ಅನಾಥನನ್ನಾಗಿ ಬಿಟ್ಟಿತೆಂದು ಇದರಿಂದ ತಿಳಿಯಬಾರದು. ವೇತನಾದಾನ ಪ್ರಕರಣವು ಇಂದಿಗೂ ಓದತಕ್ಕುದು. ಕೂಲಿಯನ್ನು ಪಡೆದು ಕೆಲಸವನ್ನು ಬಿಟ್ಟುಹೋದವನು ಇಮ್ಮಡಿಯನ್ನು ಕೊಡಬೇಕು. ಪಡೆಯದೆ ಬಿಟ್ಟವನು ಒಪ್ಪಿದಷ್ಟನ್ನು ಕೊಡಬೇಕು. ಕೂಲಿಯನ್ನು ಗೊತ್ತುಮಾಡದೆಯೇ ಕೆಲಸವನ್ನು ಮಾಡಿಸಿಕೊಂಡ ಒಡೆಯನಿಂದ ವ್ಯಾಪಾರ, ಪಶು, ಬೆಳೆಗಳ ಲಾಭದಲ್ಲಿ ಹತ್ತನೆಯ ಒಂದು ಪಾಲನ್ನು ಅರಸನು ಕೊಡಿಸಬೇಕು. ಹೇಳಿದುದಕ್ಕಿಂತ ಹೆಚ್ಚಾಗಿ ಮಾಡಿದವನಿಗೆ ಹೆಚ್ಚಾಗಿ ಕೊಡಬೇಕು. ಹೊರೆಯನ್ನು ಹೊರುವವನು ಹೊರಡುವ ಹೊತ್ತಿಗೆ ಬಿಟ್ಟರೆ ಕೂಲಿಯ ಏಳನೆಯ ಒಂದು ಪಾಲು, ದಾರಿ ಹಿಡಿದ ಮೇಲೆ ಬಿಟ್ಟರೆ ನಾಲ್ಕನೆಯ ಒಂದು ಪಾಲು, ಅರ್ಧ ದಾರಿಯಲ್ಲಿ ಬಿಟ್ಟರೆ ಸಂಪೂರ್ಣ ಕೂಲಿಯನ್ನು ದಂಡವಾಗಿ ತೆರಬೇಕು. ಇಲ್ಲಿಗೆ ನಿಲ್ಲದೆ, ಬಿಡಿಸಿದವನಿಗೂ, ಎಂದರೆ ದುಡಿಯುವವನನ್ನು ನಡುದಾರಿಯಲ್ಲಿ ತೆಗೆದುಹಾಕಿದ ಒಡೆಯನಿಗೂ ಇದೇ ಅಳತೆಯೆಂದು ಸ್ಮೃತಿಯು ಕಡೆಯಲ್ಲಿ ಸೇರಿಸುತ್ತದೆ. ಕೂಲಿಕಾರನನ್ನು ದಂಡಿಸುವ ಮಾತು ಎಲ್ಲ ನಾಡುಗಳ ಹಳೆಯ ಕಾನೂನುಗಳಲ್ಲಿಯೂ ದೊರೆತೀತು. ಅದೇ ತಕ್ಕಡಿಯಲ್ಲಿ ಒಡೆಯನನ್ನೂ ತೂಗುವ ಮಾತು ಅಷ್ಟು ಸುಲಭವಾಗಿ ದೊರೆಯುವಂತಹದಲ್ಲ.

ನಾಗಾವಿಯ ಏರ್ಪಾಡಿಗೆ ಹಿಂದಣ ಮಾದರಿಯೂ ಒಂದು ಇದ್ದಿತು. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸುಪ್ರಸಿದ್ಧ. ಅಲ್ಲಿ ಆಳುತ್ತಿದ್ದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕ್ರಿ. ಶ. ೯೪೫ರಲ್ಲಿ ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ಊರಿನ ಆಗಿನ ಹೆಸರು ಪಾವಿಟ್ಟಗೆ. ಶಾಲೆಯು ಊರಿನ ಹೆಸರಿಗೆ ಅಂಟಿಕೊಂಡು ಸಾಲೋಟಗಿಯಾಗಿ ಉಳಿದುಬಂದಿದೆ. ಅಲ್ಲಿಯೂ ತ್ರೈಪುರುಷರ ಪ್ರತಿಷ್ಠೆಯಿತ್ತು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು, ದೀಪದೆಣ್ಣೆಗೆ ೧೨ ನಿವರ್ತನ ನೆಲ, ಉಪಾಧ್ಯಾಯನಿಗೆ ೫೦ ನಿವರ್ತನ ನೆಲ ಮತ್ತು ಒಂದು ಮನೆ. ಇದರೊಡನೆ ಊರವರು ಮದುವೆಗೆ ಐದು ನಾಣ್ಯಗಳನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಇನ್ನೂ ಕಡಮೆಯಾಗಿಯೂ ಶಾಲೆಗೆ ಕೊಡತಕ್ಕುದೆಂದು ಕಟ್ಟುಮಾಡಿಕೊಂಡರು. ಈ ಕಡೆಯ ಅಂಶವು ಬಹಳ ಬುದ್ಧಿವಂತಿಕೆಯದು. ನೆಲವು ಮಳೆಯನ್ನು ನಂಬಿದೆ. ಮದುವೆ ಮುಂಜಿಗಳಾದರೋ ಯಾವ ವರುಷವೂ ನಿಲ್ಲುವುದಿಲ್ಲ. ಉಪಾಧ್ಯಾಯನಿಗೆ ಮನೆಯನ್ನು ಕೊಟ್ಟುದೂ ಅಷ್ಟೇ ವಿವೇಕದ ಮಾತು.

ಇದೇ ಹನ್ನೊಂದನೆಯ ಶತಮಾನದಲ್ಲಿ ಚೋಳರ ನಾಡಿನ ಪದ್ಧತಿಯು ಬೇರೆಯಾಗಿದ್ದಿತು. ರಾಜೇಂದ್ರ ಚೋಳನ ಕಾಲದ ಎಣ್ಣಾಯಿರಂ ವಿದ್ಯಾಸ್ಥಾನದಲ್ಲಿ ೩೪೦ ವಿದ್ಯಾರ್ಥಿಗಳೂ ೧೪ ಉಪಾಧ್ಯಾಯರೂ ಇದ್ದರು. ಅಲ್ಲಿ ಉಪಾಧ್ಯಾಯನಿಗೆ ನೆಲದ ಬದಲು ದಿನಕ್ಕೆ ಇಷ್ಟೆಂದು ಭತ್ತವನ್ನು ಅಳೆದುಕೊಡುತ್ತಿದ್ದರು. ವ್ಯಾಕರಣ ಮೀಮಾಂಸೆಗಳಿಗೆ ಅಧ್ಯಾಯವೊಂದಕ್ಕೆ ಒಂದು ಕಳಂಜು ಚಿನ್ನದಂತೆ ಎಂಟಕ್ಕೆ ೮, ಹನ್ನೆರಡಕ್ಕೆ ೧೨. ವೀರರಾಜೇಂದ್ರನ ಕಾಲದ ಕ್ರಿ. ಶ. ೧೦೬೭ರ ತಿರುಮುಕ್ಕೂಡಲ್ ಶಾಸನವು ಇನ್ನೂ ನಿಷ್ಕೃಷ್ಟವಾದುದು. ವೇದವನ್ನು ಕಲಿಸುವವನಿಗೆ ವರುಷಕ್ಕೆ ೬೦ ಕಲಂ ಭತ್ತ ಮತ್ತು ೪ ಕಾಸು. ವ್ಯಾಕರಣವನ್ನು ಕಲಿಸುವವನಿಗೆ ೧೨೦ ಕಲಂ ಮತ್ತು ೧೦ ಕಾಸು. ಅಲ್ಲಿಯೇ ಇದ್ದ ಹದಿನೈದು ಹಾಸಿಗೆಗಳ ಆತುರಶಾಲೆಯ ವೈದ್ಯನಿಗೆ ೯೦ ಕಲಂ ಮತ್ತು ೮ ಕಾಸು. ಶಸ್ತ್ರಕ್ರಿಯೆಯನ್ನು ಮಾಡುವವನಿಗೆ ೩೦ ಕಲಂ ಮಾತ್ರ. ವೈಯಾಕರಣನಿಗೆ ವೈದ್ಯನಿಗಿಂತ ಹೆಚ್ಚು, ವೈದ್ಯನಿಗೆ ವೈದಿಕನಿಗಿಂತ ಹೆಚ್ಚು ಎಂಬ ಈ ತಾರತಮ್ಯವು ಆ ಕಾಲದವರು ಯಾವುದನ್ನು ದುರ್ಲಭವೆಂದು ಎಣಿಸಿದ್ದರೆಂಬುದನ್ನು ಹೇಳುತ್ತದೆ.

ಎರಡು ಪದ್ಧತಿಗಳಲ್ಲಿ ಯಾವುದು ಮೇಲೆಂದು ಕೇಳಿದರೆ ಉತ್ತರವು ಸರಳವಲ್ಲ. ಅಳೆದುಕೊಟ್ಟ ಭತ್ತವನ್ನು ಪಡೆಯುವವನಿಗೆ ಬೆಳೆಯ ಚಿಂತೆಯಿಲ್ಲ. ಬರಗಾಲದ ಭಾರವು ದೇವಾಲಯದ ಕಣಜದ ಮೇಲೆ ಬೀಳು‌ತ್ತದೆ. ಆದರೆ ಅವನು ಪ್ರತಿದಿನವೂ ಕಣಜದವನ ಕೊಳಗವನ್ನು ನೋಡಿಕೊಂಡಿರಬೇಕು, ಮತ್ತು ಅಧ್ಯಾಯಕ್ಕಿಷ್ಟು ಚಿನ್ನವೆಂಬ ಲೆಕ್ಕವು ಸ್ಮೃತಿಕಾರರು ಹೆದರಿದ ಪಣದ ಬಾಗಿಲಿಗೆ ಬಹಳ ಹತ್ತಿರದಲ್ಲಿದೆ. ನಾಗಾವಿಯ ಉಪಾಧ್ಯಾಯನಿಗೆ ಕೊಳಗದವನ ಹಂಗಿಲ್ಲ, ಆದರೆ ಮುಗಿಲಿನ ಹಂಗುಂಟು. ಮಳೆ ಹೋದ ವರುಷ ಅವನ ೩೦ ಮತ್ತರು ಬರಿಯ ಬಿರುಕುಬಿಟ್ಟ ಎರೆ. ಅವನು ತಾನೇ ನೇಗಿಲನ್ನು ಹಿಡಿಯುವವನಲ್ಲವಾದುದರಿಂದ ಒಕ್ಕಲಿನೊಡನೆ ಪಾಲಿನ ವ್ಯವಹಾರವನ್ನೂ ನಡೆಸಬೇಕು. ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಈ ವೇದಶಾಸ್ತ್ರಗಳ ಅನ್ನವು ಒಂದೇ ವರ್ಣದವರ ಎಲೆಗೆ ಬೀಳುತ್ತಿತ್ತು. ಆ ನೆಲವನ್ನು ಉತ್ತು ಬಿತ್ತಿ ಉಪಾಧ್ಯಾಯನ ಪಾಲನ್ನು ಅಳೆದುಕೊಟ್ಟ ಒಕ್ಕಲಿನ ಮಕ್ಕಳಿಗೆ ಆ ಘಟಿಕೆಯಲ್ಲಿ ಎಡೆಯಿರಲಿಲ್ಲ. ವೃತ್ತಿಯ ಗುಣವನ್ನು ಎತ್ತಿಹೇಳುವವರು ಅದರ ಬೆಲೆಯನ್ನು ತೆತ್ತವರಾರೆಂಬುದನ್ನು ಮರೆಯಬಾರದು.

ವೃತ್ತಿಯು ಕೆಟ್ಟುದು ಹೊರಗಿನ ಕಾರಣಗಳಿಂದ ಮಾತ್ರವಲ್ಲ. ಕೆಲಸಕ್ಕೆಂದು ಕೊಟ್ಟ ನೆಲವು ಒಂದೆರಡು ತಲೆಮಾರುಗಳಲ್ಲಿ ಮನೆತನದ ಸೊತ್ತಾಗುವುದು ಮನುಷ್ಯಸ್ವಭಾವಕ್ಕೆ ಸಹಜ. ತಂದೆಯು ನ್ಯಾಸವನ್ನು ಬಲ್ಲವನು, ಮಗನು ಅಷ್ಟೋ ಇಷ್ಟೋ ಬಲ್ಲವನು, ಮೊಮ್ಮಗನು ನೆಲದ ಮೇರೆಗಳನ್ನು ಮಾತ್ರ ಬಲ್ಲವನು. ಅಗ್ರಹಾರಗಳ ವೃತ್ತಿಗಳು ಅರ್ಧವೃತ್ತಿ, ಕಾಲುವೃತ್ತಿಗಳಾಗಿ ಹಂಚಿಹೋಗಿ, ಕ್ರಯವಿಕ್ರಯಕ್ಕೆ ಬಂದುದಕ್ಕೆ ಮುಂದಣ ಶತಮಾನಗಳ ಕನ್ನಡ ಶಾಸನಗಳಲ್ಲಿಯೇ ಬೇಕಾದಷ್ಟು ಆಧಾರವಿದೆ. ವಿಚಿತ್ರವೇನೆಂದರೆ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬ ಸಿದ್ಧಾಂತವನ್ನು ಅಚಲವಾಗಿ ಸ್ಥಾಪಿಸಿದವನೂ ಮರತೂರಿನ ಈ ಪಂಡಿತನೇ. ವಿದ್ಯೆಯಿಂದ ಗಳಿಸಿದ ಧನಕ್ಕೆ ದಾಯಾದರು ಕೈಯಿಕ್ಕಬಾರದೆಂಬ ವಿನಾಯಿತಿಯೂ ಅದೇ ಪ್ರಕರಣದಲ್ಲಿದೆ. ಆದರೆ ನೆಲವನ್ನು ಹಂಚಿಕೊಳ್ಳುವ ಆಸೆಯ ಮುಂದೆ ವಿನಾಯಿತಿಯ ಮಾತು ಎಷ್ಟು ನಿಲ್ಲುತ್ತದೆ?

ಚಾಲುಕ್ಯರ ಸಿಂಹಾಸನವು ಹನ್ನೆರಡನೆಯ ಶತಮಾನದ ಕಡೆಗೆ ಮುರಿಯಿತು. ೧೩೪೭ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಯಿತು. ಅದರ ತರುವಾಯ ಬೇರೆ ಬೇರೆ ಒಡೆತನಗಳನ್ನು ಕಂಡು ಈ ಸೀಮೆಯು ನಿಜಾಮರ ಕೈಸೇರಿತು. ಅವರ ಕಾಲದಲ್ಲಿ, ೧೯೧೮ರಲ್ಲಿ, ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯು ಉರ್ದುವಿನಲ್ಲಿ ನಡೆದುದರಿಂದ ಕನ್ನಡದ ಮಕ್ಕಳಿಗೆ ಉಚ್ಚವಿದ್ಯೆಯು ಇನ್ನೊಂದು ಬಗೆಯಲ್ಲಿ ದೂರವಾಯಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು; ೧೯೫೫ರ ಕಾಯಿದೆಯಿಂದ ಇನಾಮುಗಳೂ ಹೋದುವು. ಮರುವರುಷ ಈ ಜಿಲ್ಲೆಯು ಕನ್ನಡದ ರಾಜ್ಯವನ್ನು ಸೇರಿತು. ನೆಲವನ್ನು ಕೊಟ್ಟು ವಿದ್ಯೆಯನ್ನು ನಡೆಸುವ ಕಾಲವು ಅಲ್ಲಿಗೆ ಮುಗಿದು, ಖಜಾನೆಯಿಂದ ತಿಂಗಳಿಗಿಷ್ಟೆಂದು ಸಂಬಳವನ್ನು ಕೊಡುವ ಕಾಲವು ಬೇರೂರಿತು. ೧೯೮೦ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವು ಹುಟ್ಟಿತು. ಈ ತಾಲೂಕುಗಳಲ್ಲಿ ಸರಕಾರದ ಪ್ರಥಮದರ್ಜೆ ಕಾಲೇಜುಗಳು ಬಂದುವು. ವರ್ಣಭೇದವಿಲ್ಲದೆ ಒಕ್ಕಲಿನ ಮಕ್ಕಳೂ ಫರಸಿಗಣಿಯ ಕೂಲಿಕಾರರ ಮಕ್ಕಳೂ ಅವುಗಳೊಳಗೆ ಕಾಲಿಟ್ಟರು. ಘಟಿಕಾಸ್ಥಾನವು ಎಂದೂ ಮಾಡದಿದ್ದ ಕೆಲಸವಿದು.

ಆದರೆ ಈ ಕಾಲೇಜುಗಳಲ್ಲಿ ಕಲಿಸುವವನ ಸ್ಥಿತಿಯನ್ನು ಮಿತಾಕ್ಷರೆಯ ಯಾವ ಪ್ರಕರಣದಲ್ಲಿ ಇಡಬೇಕೆಂಬುದು ವಿಚಾರಣೀಯ. ಖಾಯಂ ಪ್ರಾಧ್ಯಾಪಕನಿಗೆ ವೇತನಶ್ರೇಣಿಯಿದೆ, ರಜೆಯಿದೆ. ಅವನನ್ನು ವೃತ್ತಿವಂತನೆಂದೇ ಹೇಳಬಹುದು. ಅವನ ಪಕ್ಕದ ಕೊಠಡಿಯಲ್ಲಿ ಅದೇ ಪಾಠವನ್ನು ಹೇಳುವ ಅತಿಥಿ ಉಪನ್ಯಾಸಕನ ನೇಮಕವಾದರೋ ಒಂದು ಶೈಕ್ಷಣಿಕ ವರುಷದ ಮಟ್ಟಿನದು. ಅತಿಥಿಯೆಂಬ ಶಬ್ದಕ್ಕೆ ಸ್ಮೃತಿಗಳಲ್ಲಿ ಉಂಡು ಹೋಗುವವನೆಂಬ ಅರ್ಥ. ಇಲ್ಲಿ ದುಡಿದು ಹೋಗುವವನೆಂದಾಗಿದೆ. ೨೦೨೨ರ ಜನವರಿಯವರೆಗೆ ಇಂಥವರಿಗೆ ದೊರೆಯುತ್ತಿದ್ದುದು ಅರ್ಹತೆಗೆ ತಕ್ಕಂತೆ ತಿಂಗಳಿಗೆ ೧೧,೦೦೦ ಇಲ್ಲವೆ ೧೩,೦೦೦ ರೂಪಾಯಿ. ಆ ತಿಂಗಳಲ್ಲಿ ಸರಕಾರವು ಅರ್ಹತೆ ಮತ್ತು ಸೇವಾವಧಿಯನ್ನು ನೋಡಿ ೨೬,೦೦೦ದಿಂದ ೩೨,೦೦೦ದವರೆಗೆ ಏರಿಸಿತು. ಜೊತೆಯಲ್ಲಿಯೇ ವಾರದ ಪಾಠದ ಅವಧಿಯನ್ನು ೧೫ ಗಂಟೆಗೆ ಹೆಚ್ಚಿಸಿತು. ಒಬ್ಬನ ಗಂಟೆಗಳು ಹೆಚ್ಚಿದಂತೆ ಬೇಕಾಗುವ ಜನರು ಕಡಮೆಯಾದರು. ಏರಿದ ಸಂಬಳದ ಒಂದು ಪಾಲನ್ನು ಹೊರಬಿದ್ದವರೇ ತೆತ್ತರೆಂದರೆ ತಪ್ಪಾಗದು. ಸೇವೆಯನ್ನು ಖಾಯಂ ಮಾಡಬೇಕೆಂದು ೨೦೨೩ರ ಕಡೆಯ ತಿಂಗಳುಗಳಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಪಾಠಗಳನ್ನು ಬಿಟ್ಟು ಮುಷ್ಕರ ಹೂಡಿದರು. ೨೦೨೪ರ ಜನವರಿಯಲ್ಲಿ ಸೇವಾವಧಿಯನ್ನು ಅನುಸರಿಸಿ ಇನ್ನೂ ೫,೦೦೦ದಿಂದ ೮,೦೦೦ ರೂಪಾಯಿಗಳ ಏರಿಕೆಯೂ, ಅರವತ್ತು ತುಂಬಿದವರಿಗೆ ೫ ಲಕ್ಷ ರೂಪಾಯಿಗಳ ಇಡಿಗಂಟೂ ಘೋಷಿತವಾದುವು. ಖಾಯಮಾತಿಯ ಬೇಡಿಕೆಯು ಆಗ ಈಡೇರಲಿಲ್ಲ.

ಈ ಪ್ರದೇಶಕ್ಕೆ ಸಂವಿಧಾನದ ೩೭೧ಜೆ ವಿಧಿಯು ೨೦೧೨ರ ತಿದ್ದುಪಡಿಯಿಂದ ದೊರೆತು, ಸರಕಾರದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು ಏರ್ಪಟ್ಟಿದೆ. ಹುದ್ದೆಯು ಮಂಜೂರಾಗಿ ಭರ್ತಿಯಾದಲ್ಲಿ ಮಾತ್ರ ಅದರ ಫಲವು ದೊರೆಯುವುದು. ಮಧುಸೂದನನು ಮೊದಲು ಹುದ್ದೆಗಳನ್ನು ಎಣಿಸಿ, ಒಂದೊಂದಕ್ಕೂ ನೆಲವನ್ನು ಅಳೆಸಿ, ಆಮೇಲೆ ವಿದ್ಯಾರ್ಥಿಗಳನ್ನು ಕೂಡಿಸಿದನು; ಪುಸ್ತಕವನ್ನು ಕಾಯುವ ಆರು ಮಂದಿಯನ್ನೂ ಆ ಎಣಿಕೆಯಲ್ಲಿ ಬಿಡಲಿಲ್ಲ.